ಅಮ್ಮ ಬೆಳಗಿದ ಹಿತ್ತಾಳೆ ಕೊಳವೆ

ಅಮ್ಮಾ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಅದಿಲ್ಲದೆ ನನಗೆ ಮಾತು ಶುರುವಾಗುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಕಾಲೇಜು ಹುಡುಗರು ನಮ್ಮೂರಿಗೆ ಬಂದ ಆ ಭಾನುವಾರ ಖರ್ಚಾದದ್ದು ಇಷ್ಟು: ಬೆಂಗಳೂರಿನಿಂದ ಬಂಗಾರಪೇಟೆಗೆ ಅವರ ರೈಲು ಚಾರ್ಜು, ಅಲ್ಲಿಂದ ಊರಿಗೆ ಕರೆತಂದ ನನ್ನ ಎತ್ತುಗಳ ಮೇವು, ನೀನು ಮಾಡಿದ ಮುದ್ದೆ ಮತ್ತು ಅವರೆಕಾಳು ಸಾರು, ಒಂದು ಹಿಡಿ ಹುಣಸೆಹಣ್ಣು, ಒಂದು ಹಿಡಿ ಒಲೆಬೂದಿ, ಮತ್ತೆ ಒಂದು ಗಾಜು. ಗಾಜು ಕಡಲೆಬೀಜದಷ್ಟಿತ್ತು. ಉಳಿದದ್ದೆಲ್ಲ ಆವತ್ತೇ ಚುಕ್ತಾ ಆಯಿತು. ಗಾಜಿನದು ಮಾತ್ರ ಇನ್ನೂ ತೀರಿಲ್ಲ.

ನಿನಗೆ ಓದು ಬರುತ್ತಿರಲಿಲ್ಲ. ಈಗಿರುವ ಕಡೆ ಯಾರಾದರೂ ಓದಿ ಹೇಳಿಯಾರು. ನನ್ನ ತಂಗಿ ರತ್ನ ಅಕ್ಷರ ಕಲಿಯುವ ವಯಸ್ಸಿಗೇ ಬರಲಿಲ್ಲ. ಬಂದಿದ್ದರೆ ಅವಳೇ…

ಶ್ರೀನಿವಾಸನೆಂಬ ಹುಡುಗ ಆಂಡರ್ಸನ್‌ಪೇಟೆಯ ನನ್ನ ಪಾತ್ರೆ ಅಂಗಡಿಯ ಮುಂದೆ ಬಂದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅವನಿಗೆ ತಂಬಿಗೆ ಬೇಕಿರಲಿಲ್ಲ, ಜನ ಬೇಕಿತ್ತು. ರಜೆ ಬಂದಾಗ ಅವನೂ ಅವನ ಗೆಳೆಯರೂ ಮೈಕ್ರೋಸ್ಕೋಪಿನ ಕೊಳವೆ ಹೊತ್ತು ಹಳ್ಳಿಗಳಿಗೆ ಹೋಗಿ ವಿಜ್ಞಾನ ತೋರಿಸುತ್ತಾರಂತೆ. ಸಂಬಳವಿಲ್ಲ, ಸಾರಿಗೆಯೂ ಕೈಯಿಂದಲೇ. ಕ್ಯಾಸಂಬಳ್ಳಿ ಕಡೆ ಒಂದು ಊರಿಗೆ ಹೋಗಿದ್ದಾಗ ಅವರ ಪುಸ್ತಕದ ಕನ್ನಡ ಕೇಳಿದ ಜನ, ಪುರಾಣ ಹೇಳುವವರು ಬಂದಿದ್ದಾರೆಂದು ತೆಂಗಿನಕಾಯಿ ಇಟ್ಟು, ಕೈಮುಗಿದು, ಮನೆಗೆ ಹೋಗಿಬಿಟ್ಟರಂತೆ. ನಾನು ತಲೆಯ ಮೇಲೆ ಕೊಡ ಹೊತ್ತು ಸಂತೆ ಸಂತೆ ಅಲೆದು ಅಂಗಡಿ ಇಟ್ಟವನು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ತೂತುಬಿದ್ದ ತಂಬಿಗೆ ಮಾರಬಲ್ಲೆ. "ನಮ್ಮೂರಿಗೆ ಬನ್ನಿ, ನಿಮ್ಮ ಪರವಾಗಿ ನಾನು ಮಾತಾಡ್ತೀನಿ" ಎಂದೆ. ಜನ ಸೇರಿದರೆ ನಾಲ್ಕು ಕೊಡವೂ ಹೋದಾವು ಎಂದು ಒಳಗೊಳಗೇ ಕೂಡಿಸಿಕೊಂಡಿದ್ದೆ.

ಹಿಂದಿನ ಸಂಜೆ ನೀನು ರಾಗಿ ಕೇರುತ್ತಾ ಕೇಳಿದ್ದು ನೆನಪಿದೆಯೇ?

"ಲೇ ಯಂಕ್ಟಪ್ಪ, ನೀರಾಗಿರೋ ಉಳ ಕಾಣಿಸ್ತದಂತಾ ಅದ್ರಾಗೆ?"

"ಕಾಣಿಸ್ತದಮ್ಮ."

"ನಮ್ ಬಾವಿ ನೀರಾಗಿಂದೂ?"

"ಯಾವ್ ನೀರಾದ್ರೇನು?"

ಮೊರ ನಿಂತಿತು. "ಅಂಗಾದ್ರೆ ನಾನೂ ನೋಡ್ಬೇಕು ಕಣ್ಲಾ. ರತ್ನನ್ನ ತಿಂದಿದ್ದು ಅದೇನಾ ಅಂತ."

ರತ್ನ ವಾಂತಿಭೇದಿಯಲ್ಲಿ ಹೋದಳು. ನೀನು ಹರಕೆ ತೀರಿಸಲಿಲ್ಲ, ಅದಕ್ಕೇ ಮಾರಮ್ಮ ಮಗುವನ್ನು ಎತ್ತಿಕೊಂಡಳು ಎಂದು ಊರೇ ಆಡಿಕೊಂಡಿತ್ತು. ಅಪ್ಪನೂ ಸಾಯುವ ತನಕ ಅದನ್ನೇ ಅಂದ. ನೀರೆಂದಾದರೆ ಅದು ಊರೆಲ್ಲ ಕುಡಿದ ನೀರು. ಹರಕೆಯೆಂದಾದರೆ ನೀನೊಬ್ಬಳೇ ಹೊರಬೇಕು. ನೀನು ಆ ಕೊಳವೆಯೊಳಗೆ ಹುಡುಕಹೊರಟದ್ದು ಹುಳವನ್ನಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ…

ಹೊಂಗೆ ಮರದಡಿ ಮೇಜು ಹಾಕಿ ಶ್ರೀನಿವಾಸ ಆ ಹಿತ್ತಾಳೆ ಮೈಕ್ರೋಸ್ಕೋಪು ಇಟ್ಟ. ಬಾವಿಯ ಒಂದು ಹನಿ ನೀರು ಗಾಜಿನ ತುಂಡಿನ ಮೇಲೆ. ಕಾಯಿಸಿದರೆ ಇದರೊಳಗಿನ ಹುಳ ಸಾಯುತ್ತವೆ ಎಂದ. ಎಲ್ಲರಿಗಿಂತ ಮೊದಲು ಬಂದು ದೂರ ನಿಂತಿದ್ದವನು ಕೇರಿಯ ಮುನಿಯಪ್ಪ. "ಮೊದಲು ಬಂದವರು ಮೊದಲು" ಎಂದು ಶ್ರೀನಿವಾಸ ಅವನನ್ನೇ ಕರೆದ. ಮುನಿಯಪ್ಪ ಬಗ್ಗಿ ಕಣ್ಣಿಟ್ಟವನು ಕೂಗಿಯೇಬಿಟ್ಟ: "ಅಯ್ಯೋ ಸಾಮಿ, ನೀರಾಗೆ ಸಂತೆ ನೆರೆದೈತೆ!"

ಆಮೇಲಿನ ಸರದಿ ಗೌಡರದು. ಅವರು ಮೇಜಿನ ತನಕ ಬಂದು ನಿಂತರು. "ಅವ್ನ್ ಕಣ್ಣಿಕ್ಕಿದ್ ಕಡೆ ನಾನ್ ಕಣ್ಣಿಕ್ಲಾ?" ಎಂದರು. ಶ್ರೀನಿವಾಸ ಕೆಂಪಾಗಿ, ಮನುಷ್ಯರೆಲ್ಲ ಒಂದೇ ಎಂದು ಪುಸ್ತಕದ ಕನ್ನಡದಲ್ಲಿ ಶುರುಮಾಡಿದ. ಜನ ಹಿಂದಿನಿಂದ ಕರಗತೊಡಗಿದರು. ಸೇರಿದ ಗಿರಾಕಿ ಚದುರಿದರೆ ನನ್ನ ನಾಲಿಗೆ ಸುಮ್ಮನಿರುತ್ತದೆಯೇ?

"ಗೌಡ್ರೇ, ಇದೇನ್ ಮಣ್ಣಿನ್ ಮಡಕೇನಾ ಬಿಸಾಕಕ್ಕೆ? ಇತ್ತಾಳೆ! ಉಣ್ಸೆಣ್ಣಾಕಿ ಬೆಳಗಿದ್ರೆ ಯಾವ್ ಮೈಲಿಗೆ ನಿಂತದು? ನಮ್ಮಮ್ಮ ಬೆಳಗ್ತಾಳೆ, ನೀವು ಆಮ್ಯಾಲೆ ನೋಡೀರಂತೆ."

ಎಲ್ಲರೂ ನಕ್ಕರು. ಗೌಡರಿಗೂ ಒಪ್ಪಿಗೆಯಾಯಿತು. ಶ್ರೀನಿವಾಸ ತಮಾಷೆಯೆಂದುಕೊಂಡ. ಮುನಿಯಪ್ಪ ನಗಲಿಲ್ಲ. ಟವಲ್ಲಿನ ತುದಿಯಿಂದ ತನ್ನ ಕಣ್ಣೊರೆಸಿಕೊಂಡು ಹಿಂದಕ್ಕೆ ಸರಿದ. ನಾನಾಡಿದ್ದನ್ನು ನಿಜವೆಂದು ನಂಬಿದವಳು ನೀನೊಬ್ಬಳು. ಮಗ ಊರ ಮುಂದೆ ಮಾತು ಕೊಟ್ಟಿದ್ದಾನೆ, ನಡೆಸಬೇಡವೇ?

ಹುಡುಗರು ಊಟಕ್ಕೆ ಕೂತಿದ್ದರು. ಮುದ್ದೆಯನ್ನು ಅಗಿದು ಅಗಿದು ಒದ್ದಾಡುತ್ತಿದ್ದ ಅವರನ್ನು ನೋಡಿ ನಾನು ನಗುತ್ತಿದ್ದಾಗ ನೀನು ಹಿತ್ತಿಲ ಕಲ್ಲಿನ ಮೇಲೆ ಕೂತು ಕೊಳವೆ ಬಿಚ್ಚಿದೆ. ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿದೆ. ಲಾಟೀನಿನ ಬುರುಡೆ ಉಜ್ಜುವ ಹಾಗೆ ಕೊಳವೆಯ ತುದಿಯ ಗಾಜನ್ನೂ ಬಿಡಲಿಲ್ಲ. ಬಿಸಿಲಿಗಿಟ್ಟಾಗ ಅದು ಹೊಳೆದ ಹಾಗೆ ನನ್ನ ಅಂಗಡಿಯ ಯಾವ ಕೊಡವೂ ಹೊಳೆದಿಲ್ಲ, ಅಮ್ಮಾ.

ಶ್ರೀನಿವಾಸ ಕೈ ತೊಳೆದು ಬಂದು ಅದನ್ನು ಕಣ್ಣಿಗಿಟ್ಟುಕೊಂಡ. ಕೆಳಗಿಟ್ಟ. ನೆಲದ ಮೇಲೆ ಕೂತುಬಿಟ್ಟ. ಬೂದಿಯಲ್ಲಿ ತಿಕ್ಕಿ ಗಾಜೆಲ್ಲ ಗೀರುಬಿದ್ದಿತ್ತು. ಅದು ಅವನ ಮೇಷ್ಟರು ನಂಬಿ ಕೊಟ್ಟದ್ದು. ಗೌಡರು ಬಗ್ಗಿ ನೋಡಿ, "ಏನೂ ಇಲ್ಲ ಕಣಯ್ಯ, ಬರೀ ಮಬ್ಬು" ಎಂದು ಟವಲ್ ಕೊಡವಿ ಹೊರಟರು. ಕೊನೆಗೆ ನೀನು ಬಂದೆ. ಮುಖ ತೊಳೆದು, ತಲೆ ಬಾಚಿಕೊಂಡು ಬಂದಿದ್ದೆ. ಬಹಳ ಹೊತ್ತು ಬಗ್ಗಿ ನೋಡಿದೆ. "ಮಂಜು ಮುಚ್ಚಿದಂಗೈತಲ್ಲಾ…" ಎಂದೆ.

ಬೆಂಗಳೂರಿನ ಹುಡುಗರ ಮುಂದೆ ನನ್ನ ಮಾನ ಉಳಿಯಬೇಕಿತ್ತಲ್ಲ! "ನಮ್ಮಮ್ಮಂಗೆ ಕೈಗ್ ಸಿಕ್ಕಿದ್ದೆಲ್ಲಾ ತಂಬಿಗೇನೇ!" ಎಂದು ಕೂಗಿದೆ. ಊರು ನಕ್ಕಿತು. ಸೆರಗು ಬಾಯಿಗಿಟ್ಟುಕೊಂಡು ನೀನೂ ನಕ್ಕೆ.

ಆ ಮಾತು ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಮಾರನೆಯ ವಾರವೇ ಅದನ್ನು ಅಂಗಡಿಗೆ ತಂದೆ. "ನಮ್ಮಮ್ಮ ಬೆಳಗಿದ್ರೆ ಮೈಕ್ರೋಸ್ಕೋಪೇ ಕುರುಡಾಯ್ತು, ಅಂಥಾ ಹೊಳಪು ನಮ್ಮ ಹಿತ್ತಾಳೆಗೆ!" ಚಿನ್ನದ ಗಣಿಯ ಕೋರಮಂಡಲ್ ಲೈನಿನ ಹೆಂಗಸರಿಗೆ ತಮಿಳಿನಲ್ಲಿ, ಗಡಿಯಾಚೆಯವರಿಗೆ ತೆಲುಗಿನಲ್ಲಿ. ಚೆನ್ನಾಗಿ ಹೋಯಿತು. ನೀನು ಸತ್ತ ಮೇಲೂ ನಿಲ್ಲಿಸಲಿಲ್ಲ.

ಹೋದ ಭಾನುವಾರ ಹೊಸ ವಿದ್ಯಾರ್ಥಿಗಳ ತಂಡ ಅಂಗಡಿಗೆ ಬಂತು. ಅವರಲ್ಲಿ ಕಮಲಾ ಎಂಬ ಹುಡುಗಿಯೂ ಇದ್ದಳು. ಹಿಂದಿನ ಸಲ ಏನೇನಾಯಿತು ಹೇಳಿ ಎಂದರು. ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗಿ ಮಾತ್ರ ಕೇಳಿದಳು: "ನಿಮ್ಮ ತಾಯಿಯವರು ಏನು ನೋಡಬೇಕು ಅಂತಿದ್ರು?"

ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟೆ. ಆಮೇಲೆ ರತ್ನನ ವಿಷಯ ಹೇಳಿದೆ. ಕಮಲಾ ಅಂದಳು: "ಗಾಜು ಚೆನ್ನಾಗಿದ್ದಿದ್ರೂ ಅವರಿಗೆ ಅದು ಕಾಣ್ತಿರಲಿಲ್ಲ. ಕಾಯಿಲೆ ತರೋ ಕ್ರಿಮಿ ಇನ್ನೂ ಚಿಕ್ಕದು. ಆ ಕೊಳವೆಯಲ್ಲಿ ಕಾಣೋ ಹುಳಗಳು ಯಾರನ್ನೂ ಕೊಲ್ಲೋವಲ್ಲ. ಆದ್ರೆ ಆ ಕಾಯಿಲೆ ನೀರಿಂದಲೇ ಬರೋದು."

ಹಾಗಾದರೆ ಗಾಜಿನಿಂದ ನಷ್ಟವೇನೂ ಆಗಲಿಲ್ಲ ಎಂದು ನನ್ನ ವ್ಯಾಪಾರಿ ಬುದ್ಧಿ ತಕ್ಷಣ ಗೆರೆ ಎಳೆಯಹೋಯಿತು. ಎಳೆಯಲಾಗಲಿಲ್ಲ. ಈ ಉತ್ತರವನ್ನು ಶ್ರೀನಿವಾಸನೂ ಅವತ್ತೇ ಕೊಡುತ್ತಿದ್ದ. ಅದಕ್ಕೆ ಗಾಜು ಬೇಕಿರಲಿಲ್ಲ. ಯಾರಾದರೂ ನಿನ್ನ ಪ್ರಶ್ನೆಯನ್ನು ಅವನಿಗೆ ಮುಟ್ಟಿಸಬೇಕಿತ್ತು. ಅಲ್ಲಿ ಎಲ್ಲರ ಪರವಾಗಿ ಮಾತಾಡಲು ನಿಂತಿದ್ದವನು ಯಾರು?

ಅವತ್ತಿನ ರಾತ್ರಿಯಿಂದಲೇ ನೀನು ನೀರು ಕಾಯಿಸತೊಡಗಿದೆ. ಸೌದೆ ಸುಮ್ಮನೆ ಉರಿಯುತ್ತದೆಂದು ನಾನು ಗೊಣಗಿದೆ. "ಕಾಯ್ಸಿದ್ರೆ ಸಾಯ್ತವೆ ಅಂತ ಆ ಉಡ್ಗ ಏಳ್ಲಿಲ್ವಾ? ನಂಗ್ ಕಾಣ್ದಿದ್ರೆ ಏನ್ಲಾ, ಅವಕ್ಕೆ ಬೆಂಕಿ ಕಾಣ್ತದಲ್ಲ" ಎಂದೆ. ಮುಂದೆ ಊರಿಗೆ ಮತ್ತೆ ವಾಂತಿಭೇದಿ ಬಂದಾಗ ನಮ್ಮ ಮನೆಯ ಹೊಸಿಲು ದಾಟಲಿಲ್ಲ. ಮಾರಮ್ಮನ ದಯೆಯೆಂದು ನಾನು ನಿನ್ನೆದುರಿಗೇ ತೆಂಗಿನಕಾಯಿ ಒಡೆದೆ. ನೀನು ಹೋಳುಗಳನ್ನು ಆಯ್ದುಕೊಂಡು ನೀರು ಕಾಯಿಸಲು ಒಳಗೆ ಹೋದೆ. ಯಾಕಮ್ಮಾ, ಒಂದು ಮಾತು ಬೈಯಬಾರದಿತ್ತೇ?

ಬರುವ ಭಾನುವಾರ ಕಮಲಾಳ ತಂಡ ನಮ್ಮೂರಿಗೆ ಬರುತ್ತದೆ. ಮುನಿಯಪ್ಪನನ್ನು ಕರೆಯಲು ನಿನ್ನೆ ಕೇರಿಗೆ ಹೋಗಿದ್ದೆ. "ಈ ಸಲ ತೊಳ್ಯಾಕೆ ಯಾರ್ ಬತ್ತಾರೆ ಸಾವ್ಕಾರ್ರೇ?" ಎಂದ. ತಲೆ ತಗ್ಗಿಸಿಕೊಂಡು ಬಂದೆ. ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬಂದರೆ ಮೊದಲ ಸರದಿ ಅವನದೇ, ಎರಡನೆಯದು ನನ್ನದು, ಒರೆಸದೆ. ಆ ನಗೆಮಾತು ಅಂಗಡಿಯಿಂದ ಹೋಯಿತು. ಅದರ ಬದಲು ಊರ ಮುಂದೆ ಹೇಳಬೇಕಾದದ್ದನ್ನು ಮೊದಲು ನಿನಗೇ ಹೇಳುತ್ತಿದ್ದೇನೆ: ನೀರಿನಿಂದಲೇ ಅಮ್ಮಾ. ಹರಕೆಯಿಂದಲ್ಲ.

ಯಾರಿಗೆ ಏನು ದಕ್ಕಿತೆಂದು ಬರೆದು ಮುಗಿಸುತ್ತೇನೆ. ಗೌಡರಿಗೆ, ಅವರ ಮಡಿ. ಶ್ರೀನಿವಾಸನಿಗೆ, ಮೇಷ್ಟರ ಬೈಗುಳ. ಮುನಿಯಪ್ಪನಿಗೆ, ನೀರೊಳಗಿನ ಸಂತೆ, ಅದರ ಮೇಲೊಂದು ಅವಮಾನ. ನನಗೆ, ಒಂದು ನಗೆಮಾತು, ಅದರಿಂದ ಹೋದ ಕೊಡಗಳು, ನೀನು ಕಾಯಿಸಿದ ನೀರು ಕುಡಿದು ಬದುಕುಳಿದ ನನ್ನ ಮೂರು ಮಕ್ಕಳು.

ನಿನಗೆ, ಮಂಜು.