ನೂಲು ಬಿಡಿಸುವ ಓಣಿಗೆ ನಾಲ್ಕು ನಿವೇಶನದ ನಂಬರು

ನಿವೇಶನ ಹರಾಜಿನ ಮಾನ್ಯ ಅಧಿಕಾರಿಗಳೇ,

ಮೈಸೂರಿಗೆ ಏಳು ಸಲ ಓಡಾಡಿದ ಬಸ್ಸು, ಊಟ ನಲವತ್ತೊಂಬತ್ತು ರೂಪಾಯಿ. ತಮಿಳಿನಲ್ಲಿದ್ದ ಕ್ರಯಪತ್ರಗಳನ್ನು ಕನ್ನಡಕ್ಕೆ ಬರೆಸಿದ್ದು ಹನ್ನೆರಡು. ಅರ್ಜಿಯ ಸ್ಟಾಂಪು ಒಂಬತ್ತು. ನಮ್ಮ ಜಾಗ ನಮ್ಮದಲ್ಲವೆಂದು ಅಳೆಯಲು ಬಂದ ತಮ್ಮ ಸಿಬ್ಬಂದಿಗೆ ನಾವೇ ಕೊಡಿಸಿದ ಇಡ್ಲಿ, ಕಾಫಿ ಹದಿನಾಲ್ಕು. ಒಟ್ಟು ಎಂಬತ್ತನಾಲ್ಕು ರೂಪಾಯಿ. ಇಷ್ಟು ಖರ್ಚಿಗೆ ನಮಗೆ ಸಿಕ್ಕ ಉತ್ತರ ಒಂದೇ ಸಾಲು: ‘ಪರಿಶೀಲನೆಯಲ್ಲಿದೆ.’ ಪರಿಶೀಲನೆ ಮುಗಿಯುವ ಮೊದಲೇ ಹರಾಜಿನ ದಿನ ಗೊತ್ತಾಗಿದೆ. ಬರುವ ಹದಿನಾಲ್ಕನೇ ತಾರೀಖು.

ಕೊಳ್ಳೇಗಾಲದ ಹೊರಗಿನ ನಮ್ಮ ಬಡಾವಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು, ಇಪ್ಪತ್ನಾಲ್ಕು ಮನೆ. ಹೆಚ್ಚಿನವರು ರೇಷ್ಮೆ ನೇಯುವವರು. ಸೀರೆಯ ಉದ್ದೆಳೆಯನ್ನು ಮಗ್ಗಕ್ಕೆ ಏರಿಸುವ ಮೊದಲು ನೆಟ್ಟಗೆ ಬಿಗಿದು, ಎಳೆ ಎಳೆ ಬಿಡಿಸಬೇಕು. ಅದಕ್ಕೆ ಉದ್ದನೆಯ ಬಯಲು ಬೇಕು. ಆದ್ದರಿಂದ ಪ್ರತಿ ಮನೆಯವರೂ ತಮ್ಮ ನಲವತ್ತಡಿ ನಿವೇಶನದಲ್ಲಿ ಹಿಂದಿನ ಹತ್ತಡಿ ಬಿಟ್ಟು ಮನೆ ಕಟ್ಟಿದರು. ಹಾಗೆ ಆದದ್ದು ಇಪ್ಪತ್ತಡಿ ಅಗಲ, ಇನ್ನೂರ ನಲವತ್ತಡಿ ಉದ್ದದ ಓಣಿ. ಅಲ್ಲಿ ಒಬ್ಬರ ನೂಲಿಗೆ ಇನ್ನೊಬ್ಬರು ಕೈಹಾಕುತ್ತಾರೆ. ಕೂಲಿ ಕೇಳಿದವರಿಲ್ಲ. ನಾಳೆ ತಂತಮ್ಮ ನೂಲಿಗೂ ಅದೇ ಕೈಗಳು ಬೇಕು.

ಈಗ ತಪ್ಪೊಪ್ಪಿಗೆ. ಐವತ್ತಾರರ ಬೇಸಿಗೆಯಲ್ಲಿ, ನಾವಿನ್ನೂ ಮದ್ರಾಸು ರಾಜ್ಯದಲ್ಲಿದ್ದಾಗ, ಈ ನಿವೇಶನಗಳನ್ನು ಕೊಡಿಸಿದ ದಲ್ಲಾಳಿ ನಾನೇ. ದುಡ್ಡು ಕೊಟ್ಟದ್ದು ನಲವತ್ತಡಿಗೆ. ಮಾರಿದವನ ರಶೀದಿ ಇದೆ. ಆದರೆ ಕ್ರಯಪತ್ರದಲ್ಲಿ ಮೂವತ್ತೇ ಬರೆಸಿ, ಉಳಿದ ಹತ್ತನ್ನು ಪೊರಂಬೋಕು, ಅಂದರೆ ಸರ್ಕಾರಿ ಬಯಲು, ಎಂದು ತೋರಿಸಲು ಹೇಳಿದವನೂ ನಾನೇ. ಮನೆಗೆ ವರ್ಷಕ್ಕೆ ಹತ್ತಾಣೆ ಕಂದಾಯ ಉಳಿಯಿತು. ಎಲ್ಲರೂ ನನ್ನನ್ನು ಬುದ್ಧಿವಂತನೆಂದರು. ನಾನೂ ನಂಬಿದೆ.

ಕುಂತೂರಿನ ಕಡೆ ಕಾರ್ಖಾನೆಯ ಮಾತೆದ್ದಾಗಿನಿಂದ ಮುನ್ನೂರರ ನಿವೇಶನ ಎರಡು ಸಾವಿರದ ನಾನೂರಾಗಿದೆ. ತಮ್ಮ ಕಚೇರಿಗೆ ಪೊರಂಬೋಕಿನ ನೆನಪಾದದ್ದೂ, ಓಣಿಯನ್ನು ನಾಲ್ಕು ನಿವೇಶನ ಮಾಡಿ ಹರಾಜಿಗೆ ನಂಬರು ಹಾಕಿದ್ದೂ ಆಗಲೇ. ಬೆಲೆ ಏರಿದರೆ ನಿಮಗೂ ಲಾಭವಲ್ಲವೇ ಎಂದು ತಮ್ಮ ಗುಮಾಸ್ತರು ನಕ್ಕರು. ಮಾರದವನ ಮನೆಗೆ ಬೆಲೆ ಏರಿದರೆ ಏರುವುದು ಕಂದಾಯವಲ್ಲದೆ ಮತ್ತೇನು, ಸ್ವಾಮಿ?

ಅಳೆಯುವವರು ಸರಪಳಿ ತಂದ ದಿನ ಓಣಿಯಲ್ಲಿ ಚನ್ನಾಜಮ್ಮನ ನೂಲು ಬಿಗಿದಿತ್ತು. ಗಂಡ ಸತ್ತ ಮೇಲೆ ಒಂದೇ ಮಗ್ಗದಲ್ಲಿ ಸಂಸಾರ ನಡೆಸಿದ ಹೆಂಗಸು.

“ಒಸಿ ಆಚೆ ನಿಂತ್ಕಳಿ ಸಾ, ನೂಲು ತುಳೀತಿದ್ದೀರಿ.”

“ಇದು ಸರ್ಕಾರಿ ಜಾಗ ಕಣಮ್ಮ,” ಎಂದರು ತಮ್ಮವರು.

“ಅಂಗಾರೆ ಅದ್ನಾರು ವರ್ಸದಿಂದ ಸಗಣಿ ಸಾರ್ಸಿದ್ದು ಯಾರು ಸಾ? ನಿಮ್ಮ ಸರ್ಕಾರ ಒಂದಿನನಾರ ಪೊರಕೆ ಇಡ್ಕಂಡು ಬಂದಿತ್ತಾ?”

ಅವರು ನಕ್ಕು ಗೂಟ ಹೊಡೆದರು. ಆಕೆ ನನ್ನ ಕಡೆ ತಿರುಗಿದಳು. “ರುದ್ರಣ್ಣ, ನೀ ಯೋಳ್ದಂಗೇ ತಾನೆ ನಾವು ಬರ್ಸಿದ್ದು? ಈಗ್ಲೂ ನೀನೇ ಯೋಳು. ಮಗ್ಗ ಮಾರ್ಲಾ, ಮನೆ ಮಾರ್ಲಾ?”

ಮೂವತ್ತು ವರ್ಷ ಮಾತು ಮಾರಿ ಬದುಕಿದವನು ಮರುದಿನ ಬೆಳಗ್ಗೆ ಮೈಸೂರಿನ ಬಸ್ಸು ಹತ್ತಿದೆ.

ತಮ್ಮನ್ನು ಧರ್ಮ ಕೇಳುತ್ತಿಲ್ಲ. ಇಪ್ಪತ್ನಾಲ್ಕು ಮನೆಯ ಹದಿನಾರು ವರ್ಷದ ಬಾಕಿ ಇನ್ನೂರ ನಲವತ್ತು ರೂಪಾಯಿ. ದಂಡ ಸೇರಿಸಿ ಎರಡರಷ್ಟು ತೆಗೆದುಕೊಳ್ಳಿ. ದಂಡದ ಭಾಗ ನನ್ನದು. ಹರಾಜು ನಿಲ್ಲಿಸಿ. ಆ ಜಾಗವನ್ನು ನೇಕಾರರ ಓಣಿ ಎಂದು ದಾಖಲೆಯಲ್ಲಿ ಬರೆಯಿರಿ, ಈ ಸಲ ಕನ್ನಡದಲ್ಲಿ.

ಆಗದೆಂದರೆ ಹದಿನಾಲ್ಕರ ಸಂಜೆಯ ಲೆಕ್ಕ ಹೀಗಿರುತ್ತದೆ. ತಮ್ಮ ಕಚೇರಿಗೆ ಒಂಬತ್ತು ಸಾವಿರದ ಆರುನೂರು. ಕೊಂಡವರಿಗೆ ನಾಲ್ಕು ನಿವೇಶನ. ಇಪ್ಪತ್ನಾಲ್ಕು ಹಿಂಬಾಗಿಲಿಗೆ ಎದುರು ಗೋಡೆ. ಬಿಡ್ಡುದಾರರನ್ನು ಕರೆತಂದರೆ ನನಗೆ ನೂರಕ್ಕೆ ಎರಡರಂತೆ ನೂರತೊಂಬತ್ತೆರಡು ಎಂದು ತಮ್ಮ ಗುಮಾಸ್ತರು ಹೇಳಿ ಕಳಿಸಿದ್ದಾರೆ, ಬೇಡವೆಂದಿದ್ದೇನೆ. ಚನ್ನಾಜಮ್ಮನಿಗೆ, ಮಗ್ಗದ ಮರಕ್ಕೆ ಸೌದೆ ಡಿಪೋದವನು ಹೇಳಿದ ಬೆಲೆ, ಹದಿನೆಂಟು ರೂಪಾಯಿ.

ಇಂತಿ,
ತನ್ನ ಜಾಣತನಕ್ಕೆ ತಾನೇ ದಂಡ ಕಟ್ಟಲು ಸಿದ್ಧನಿರುವ
ರುದ್ರಸ್ವಾಮಿ, ಮನೆ ನಿವೇಶನಗಳ ದಲ್ಲಾಳಿ
ಕೊಳ್ಳೇಗಾಲ, ೧೯೭೨