ನಲವತ್ತೊಂದು ಸಾವಿರಕ್ಕೆ ನಡುಕ

ಮಾರ್ಚ್ 3

ಇವತ್ತೂ ಕಾಫಿ ಆರಿತು, ಕಂಪ್ಯೂಟರಿನಲ್ಲಿ ನನ್ನ ಬೇರಿಂಗ್ ಮಾಡೆಲ್‌ನ ರನ್ ಮುಗಿಯಲಿಲ್ಲ. ಮುಗಿದಾಗ ಅದೇ ರಾಗ — ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿಗೆ ಶಾಫ್ಟು ಹುಚ್ಚೆದ್ದು ಕುಣಿಯುತ್ತದಂತೆ. ಕೆಳಗೆ ಶೆಡ್ಡಿನಲ್ಲಿ ನಿಜವಾದ ಶಾಫ್ಟು ಇಪ್ಪತ್ತು ಸಾವಿರದಲ್ಲೂ ಹೊಟ್ಟೆ ತುಂಬಿದ ಕೂಸಿನಂತೆ ತಣ್ಣಗಿದೆ. ಟೆಸ್ಟ್ ಶೆಡ್ಡಿನ ಮುಖ್ಯಸ್ಥರು, ಎಲ್ಲರಿಗೂ ದೊಡ್ಡಪ್ಪ, ಮೆಟ್ಟಿಲಲ್ಲೇ ಹಿಡಿದರು. "ಏನಮ್ಮ ಅಪಶಕುನ, ಇವತ್ತೇನು ಮುಳುಗತ್ತೆ?"

ಮನೆಯಲ್ಲಿ ಇವರದು ಇನ್ನೊಂದು. "ಎಣ್ಣೆನೇ ಇಲ್ದೆ ಬೇರಿಂಗ್ ಹೇಗೆ ಕಣೇ?" ವಿವರಿಸಿದೆ: ತೆಳು ತಗಡಿನ ಹಾಸು, ಅದರ ಮೇಲೆ ಕೂದಲಿಗಿಂತ ತೆಳು ಗಾಳಿ, ಗಾಳಿಯ ಮೇಲೆ ತೇಲುವ ಶಾಫ್ಟು. "ಅಂದ್ರೆ ಗಾಳಿಗೋಪುರ ಕಟ್ಟೋಕೆ ಸಂಬಳ ಕೊಡ್ತಾರೆ ಅನ್ನು."

ಗಿರಾಕಿಗೆ ಅರವತ್ತು ಸಾವಿರ ಸುತ್ತು ಬೇಕು. ತಿಂಗಳ ಕೊನೆಗೆ ಆಗದಿದ್ದರೆ ಬಾಸ್ ಹಳೇ ಎಣ್ಣೆ ಬೇರಿಂಗಿಗೇ ಶರಣು. ನಮ್ಮ ಗುಂಪು ಬರ್ಖಾಸ್ತು.

ಮಾರ್ಚ್ 8

ನಾದಿನಿಯ ವಿಡಿಯೊ ಕಾಲ್. ನೆಟ್ ನಿಧಾನ. ಇವರು "ಅಮ್ಮನ ಕಣ್ಣಿನ ಪೊರೆ ಏನಾಯ್ತು?" ಅಂದರು. ಉತ್ತರ ಬರಲಿಲ್ಲ. "ಹೋಗ್ಲಿ, ನನ್ನ ಮೀಸೆ ಹೇಗಿದೆ?" ಆಗ ಬಂತು ಉತ್ತರ — "ಡಾಕ್ಟ್ರು ತೆಗೆಸಿಬಿಡಿ ಅಂದ್ರು." "ಯಾವನೇ ಅವನು ಡಾಕ್ಟ್ರು?" ಜಗಳ ಹತ್ತಿಕೊಂಡಿತು.

ನಗುತ್ತಿದ್ದವಳು ಹಾಗೇ ನಿಂತೆ... ನನ್ನ ಮಾಡೆಲ್‌ನಲ್ಲೂ ಇದೇ! ಮೊದಲು ಗಾಳಿಯ ಒತ್ತಡ, ಆಮೇಲೆ ತಗಡಿನ ಬಾಗು, ಆಮೇಲೆ ಶಾಫ್ಟಿನ ಚಲನೆ — ಸರದಿಯ ಮೇಲೆ ಲೆಕ್ಕ. ಒಬ್ಬೊಬ್ಬರೂ ಹಳೇ ಮಾತಿಗೆ ಉತ್ತರ ಕೊಡುತ್ತಿದ್ದಾರೆ. ಹದಿನೆಂಟರ ನಡುಕ ಬೇರಿಂಗಿನದಲ್ಲ, ನನ್ನ ಲೆಕ್ಕದ್ದು. ಮೂರನ್ನೂ ಒಟ್ಟಿಗೇ ಬಿಡಿಸಬೇಕು.

ಮಾರ್ಚ್ 24

ಡೈರಿಗೆ ಪುರುಸೊತ್ತಿರಲಿಲ್ಲ. ಮೂರು ಸಮೀಕರಣಗಳೂ ಅಂತೂ ಒಂದೇ ಪಂಕ್ತಿಯಲ್ಲಿ ಕೂತವು. ಹದಿನೆಂಟಕ್ಕೆ ನಡುಕವಿಲ್ಲ. ನಲವತ್ತೊಂದಕ್ಕೆ — ಇದೆ. ತಗಡಿನ ಬೆನ್ನಿಗೆ ಮೂರು ಕಡೆ ತೆಳು ಪಟ್ಟಿ ಕೊಟ್ಟರೆ ಅರವತ್ತಾರರವರೆಗೆ ನಿಶ್ಚಿಂತೆ.

ದೊಡ್ಡಪ್ಪ: "ಹೋದ್ಸಲ ಹದಿನೆಂಟು, ಈಗ ನಲವತ್ತೊಂದು. ಹರಾಜು ಕೂಗ್ತಿದೀಯೇನಮ್ಮ? ಮೊದ್ಲು ಪಟ್ಟಿ ಇಲ್ದೆ ಓಡಿಸ್ತೀನಿ. ನೀನಂದ ಕಡೆ ನಡುಗ್ಲಿ, ಆಮೇಲೆ ಮಾತು."

ಮಾರ್ಚ್ 26

ನಡುಗಿತು!!!

ಮೂವತ್ತು, ನಲವತ್ತು — ತಣ್ಣಗೆ. ನಲವತ್ತೊಂದು ದಾಟುತ್ತಲೇ ಕಂಪನ ತೋರಿಸುವ ಪರದೆಯ ಮೇಲೆ, ಶಾಫ್ಟಿನ ಸುತ್ತಿನದೇ ಆದ ಒಂದು ಕೊಂಬಿನ ಪಕ್ಕ, ಅರ್ಧ ವೇಗದ ಜಾಗದಲ್ಲಿ, ನಡುಕದ ಎರಡನೇ ಕೊಂಬು ಎದ್ದಿತು. ಶೆಡ್ಡೆಲ್ಲ ಗುಂಯ್. ದೊಡ್ಡಪ್ಪ ಸರಕ್ಕನೆ ವೇಗ ಇಳಿಸಿದರು. ಬಾಸ್ ತಲೆಯ ಮೇಲೆ ಕೈ ಹೊತ್ತರು. ಕುಣಿದವಳು ನಾನೊಬ್ಬಳೇ.

"ಸಾವಿನ ಮನೇಲಿ ಸಿಹಿ ಹಂಚ್ತೀಯಲ್ಲೇ ತಾಯಿ!" ಎಂದರು ದೊಡ್ಡಪ್ಪ. ಆಮೇಲೆ ಪರದೆಯನ್ನೇ ನೋಡುತ್ತ, ಮೆಲ್ಲಗೆ — "ಪಟ್ಟಿ ಎಷ್ಟು ದಪ್ಪ ಅಂದೆ?"

ಮಾರ್ಚ್ 28, ಬೆಳಿಗ್ಗೆ 11

ಶೆಡ್ಡಿನಲ್ಲೇ, ತೊಡೆಯ ಮೇಲೆ ಡೈರಿ. ಪಟ್ಟಿ ಹಾಕಿಯಾಗಿದೆ. ನಲವತ್ತೊಂದು — ಚಕಾರವಿಲ್ಲ. ಐವತ್ತು. ಐವತ್ತೈದು... ಬಾಸ್ ಉಸಿರು ಬಿಟ್ಟಿಲ್ಲ. ಗಾಳಿ ಬೇರಿಂಗಿಗಷ್ಟೇ ಅಲ್ಲ, ಮನುಷ್ಯನಿಗೂ ಬೇಕೆಂದು ಯಾರಾದರೂ ನೆನಪಿಸಬೇಕು. ಅರವತ್ತು! ಒಂದೇ ಕೊಂಬು! ಬಾಸ್ ಗಿರಾಕಿಗೆ ಫೋನ್ ಹಚ್ಚಿಯಾಯಿತು — "ಎಣ್ಣೆ ಬೇಡ ಸಾರ್, ಎಣ್ಣೆ ಬೇಡವೇ ಬೇಡ!"

ದೊಡ್ಡಪ್ಪ ಈಚೆ ತಿರುಗಿದರು. "ಅರವತ್ತಾರು ಅಂದಿದ್ಯಲ್ಲಮ್ಮ? ಬಾ, ನೀನೇ ತಿರುಗ್ಸು." ವೇಗದ ನಾಬ್ ನನ್ನ ಕೈಗೆ! ಬಾಸನ್ನೂ ಮುಟ್ಟಗೊಡದ ನಾಬು. ಬಲಗೈಲಿ ಪೆನ್ನು, ಎಡಗೈಲಿ ನಾಬ್. ಅರವತ್ತೆರಡು. ಅರವತ್ತನಾಲ್ಕು — ಅದುರಿದರೆ ಕೇಳಿ. "ಬರೆಯೋದ್ ಬಿಡೇ ಮಾರಾಯ್ತಿ, ಎರಡೂ ಕೈಲಿ ಹಿಡಿ!" ಅರವತ್ತೈದು. ಸರಿ, ಪೆನ್ನು ಕೆಳಗಿ—