ಅಕ್ಕ ತಿದ್ದಿದ ವಾಕ್ಯ

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೋದಾಗ ಹಲ್ಲಿನ ಡಾಕ್ಟರ ಕೈಯಲ್ಲಿ ನನ್ನ ನೋಟ್‌ಬುಕ್ ಇತ್ತು. "ಮುಂದಿನ ತಿಂಗಳವರೆಗೆ ಯಾಕಮ್ಮ, ನಾಳೆಯಿಂದಲೇ ಬರಬೇಡ" ಅಂದರು.

ಕ್ಲಿನಿಕ್ಕಿನಲ್ಲಿ ನಾನು ಅಕ್ಕ ಅಂತ ಕರೆಯುತ್ತಿದ್ದದ್ದು ಒಬ್ಬಳನ್ನೇ, ನನ್ನ ಜೊತೆ ಕೆಲಸ ಮಾಡೋ ಹಿರಿಯಳನ್ನ. "ಇಂಗ್ಲಿಷಲ್ಲಿ ಯಾವ ಪದದ ಜೊತೆ ಯಾವುದು ಬರುತ್ತೆ ಅಂತ ಸುಮ್ಮನೆ ಉರು ಹೊಡೀಬೇಡ ಕಣೇ. ಮನಸ್ಸಲ್ಲಿರೋದನ್ನೇ ವಾಕ್ಯ ಮಾಡು, ತಿದ್ದಿಕೊಡ್ತೀನಿ" ಅಂದಿದ್ದಳು. ನಂಬಿದೆ. ‘ಮೇಕ್’ ಜೊತೆ ‘ಡಿಸಿಷನ್’ ಬರುತ್ತೆ ಅಂತ ಕಲಿತ ದಿನ, ಮುಂದಿನ ತಿಂಗಳು ಈ ಕೆಲಸ ಬಿಡೋ ತೀರ್ಮಾನ ಮಾಡಿದ್ದೇನೆ ಅಂತ ಇಂಗ್ಲಿಷಲ್ಲೇ ಬರೆದು, ತಿದ್ದೋಕೆ ಅವಳ ಕೈಗೆ ಕೊಟ್ಟೆ. ಅಮ್ಮನಿಗೂ ಹೇಳಿರಲಿಲ್ಲ.

ಇವತ್ತು ಅಕ್ಕ ತಲೆ ಎತ್ತಲಿಲ್ಲ. ತೊಳೆದ ಟ್ರೇಯನ್ನೇ ಮತ್ತೆ ಮತ್ತೆ ತೊಳೀತಿದ್ದಳು.

ಈಗ ಮನೆಗೆ ಬಂದು ಆ ಪುಟ ತೆಗೆದು ನೋಡಿದೆ. ಮಹಾರಾಯ್ತಿ, ಕೊಟ್ಟ ಮಾತಿಗೆ ಮಾತ್ರ ತಪ್ಪಿಲ್ಲ. ಡಾಕ್ಟರಿಗೆ ಕೊಡೋ ಮುಂಚೆ ಒಂದೊಂದು ತಪ್ಪನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, ಆ ವಾಕ್ಯದ ಪಕ್ಕ ‘ವೆರಿ ಗುಡ್’ ಅಂತ ಬರೆದಿದ್ದಾಳೆ.